ನೀರಕ್ಕನ ಅಂಗೈ

ಕಡಲ ಮೇಲೆ ಒಂದು ಮೈಲಿ ಉದ್ದದ ಪೈಪು ತೇಲುತ್ತಿದೆ. ಅದರ ಒಂದು ತುದಿ ದಡದಲ್ಲಿ, ಇನ್ನೊಂದು ತುದಿ ನಡುಗಡ್ಡೆಯಲ್ಲಿ. ದಡದ ತುದಿಯಿಂದ ಒಳಕ್ಕೆ ನೀರು ಬಿಟ್ಟಿದ್ದಾರೆ. ಅರ್ಧ ಪೈಪು ಹೇಳಿದ ಹಾಗೆ ಕೇಳಿ ತಳಕ್ಕೆ ಹೋಗಿ ಮಲಗಿತು. ಇನ್ನರ್ಧ ಮುಳುಗಲೊಲ್ಲೆ ಎಂದು ನಿಂತುಬಿಟ್ಟಿತು. ಪೈಪು ಒಡೆದಿಲ್ಲ, ಎಲ್ಲೂ ಸಿಕ್ಕಿಕೊಂಡಿಲ್ಲ, ದಡದಲ್ಲಿ ನೀರನ್ನು ಯಾರೂ ನಿಲ್ಲಿಸಿಲ್ಲ. ಏನಾಗಿರಬಹುದು? ಹೇಳಿ ನೋಡೋಣ.

ಹೀಗೆ ಕೇಳಿದವರು ಗುರುಗಳು. ಕೇಳಿಸಿಕೊಂಡವನು ಶಿಷ್ಯ. ಇದು ಶಿಷ್ಯನಿಗೆ ಸ್ವಲ್ಪ ಅನ್ಯಾಯವೆನಿಸಿತು. ಏಕೆಂದರೆ ಮೊದಲು ಪ್ರಶ್ನೆ ಕೇಳಿದ್ದವನು ಅವನು. ಗುರುಗಳು ಉತ್ತರ ಕೊಡುವ ಬದಲು ಪೈಪನ್ನು ತಂದು ಮುಂದೆ ಹಾಕಿದ್ದರು.

ಅವನು ಕೇಳಿದ್ದ ಪ್ರಶ್ನೆ ಇದು:

"ಗುರುಗಳೇ, ಹನ್ನೆರಡು ವರ್ಷಗಳಿಂದ ನಾನು ಏನನ್ನೂ ಹೊರಗೆ ಚೆಲ್ಲಿಲ್ಲ. ಮಾತನ್ನು ತಡೆದಿದ್ದೇನೆ, ಸಿಟ್ಟನ್ನು ತಡೆದಿದ್ದೇನೆ, ನಗು ಬಂದರೂ ತಡೆದಿದ್ದೇನೆ. ಅಪ್ಪ ತೀರಿಕೊಂಡಾಗ ಒಂದು ಹನಿ ಕಣ್ಣೀರು ಬಿಡಲಿಲ್ಲ. ಇಷ್ಟು ಬಿಗಿಯಾಗಿ ಹಿಡಿದರೂ ಒಳಗೆ ಏನೂ ತುಂಬಿಲ್ಲ. ಇನ್ನೂ ಬಿಗಿ ಮಾಡಬೇಕೇ?"

ಪ್ರಶ್ನೆ ಗಂಭೀರವಾದದ್ದು. ಪೈಪಿಗೂ ಅದಕ್ಕೂ ಏನು ಸಂಬಂಧವೋ ಶಿಷ್ಯನಿಗೆ ತಿಳಿಯಲಿಲ್ಲ. ಆದರೂ ಗುರುಗಳು ಕೇಳಿದ ಮೇಲೆ ಏನಾದರೂ ಹೇಳಲೇಬೇಕಲ್ಲ.

"ಪೈಪಿನೊಳಗೆ ದೊಡ್ಡ ಮೀನು ಸಿಕ್ಕಿಕೊಂಡಿರಬಹುದು" ಎಂದ.

"ಮೀನು ಬುದ್ಧಿವಂತ ಪ್ರಾಣಿ. ಅರ್ಧ ಆದ ಕಾಮಗಾರಿಯೊಳಗೆ ಕಾಲಿಡುವುದಿಲ್ಲ. ಅದಕ್ಕೆ ಕಾಲೂ ಇಲ್ಲ ಎನ್ನು" ಎಂದು ಗುರುಗಳು ನಕ್ಕರು. ಶಿಷ್ಯ ನಗಲಿಲ್ಲ. ಗುರುಗಳು ಕತೆ ಹೇಳತೊಡಗಿದರು.

*

ಒಂದು ನಡುಗಡ್ಡೆ ಇತ್ತು. ಎಂಬತ್ತು ಮನೆ. ಎತ್ತ ತಿರುಗಿದರೂ ನೀರು, ಕುಡಿಯಲು ಮಾತ್ರ ಹನಿ ಇಲ್ಲ. ಎಲ್ಲಿ ಬಾವಿ ತೋಡಿದರೂ ಉಪ್ಪು. ದಿನಕ್ಕೊಂದು ಸಲ ದಡದಿಂದ ದೋಣಿಯಲ್ಲಿ ಪೀಪಾಯಿ ತುಂಬಿ ನೀರು ಬರುತ್ತಿತ್ತು. ಮನೆಗೆ ಎರಡು ಕೊಡ. ಬಾಣಂತಿ ಇದ್ದ ಮನೆಗೆ ಅರ್ಧ ಕೊಡ ಹೆಚ್ಚು. ಕಡಲು ಎದ್ದ ದಿನ ದೋಣಿ ಇಲ್ಲ, ನೀರೂ ಇಲ್ಲ.

ಆ ನೀರನ್ನು ಹಂಚುವವಳು ಒಬ್ಬ ಹೆಂಗಸು. ತಾಯಿ ತಂದೆ ಅವಳಿಗೆ ಏನೋ ಹೆಸರಿಟ್ಟಿದ್ದರು, ಊರಿಗೆ ಮಾತ್ರ ಅವಳು ನೀರಕ್ಕ. ಮೂವತ್ತೊಂದು ವರ್ಷ ಹಂಚಿದ್ದಳು. ಅಲುಗಾಡುವ ದೋಣಿಯಲ್ಲಿ ನಿಂತು ಸುರಿದರೂ ಒಂದು ಹನಿ ಕೊಡದ ಆಚೆ ಬೀಳುತ್ತಿರಲಿಲ್ಲ. ಪೀಪಾಯಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ಸೆರಗು ಹರಿದು ಅಲ್ಲಿಗೆ ತುರುಕುತ್ತಿದ್ದಳು. ಅವಳ ಸೀರೆಗಳಲ್ಲಿ ಪೂರ್ತಿ ಸೆರಗಿದ್ದದ್ದು ಒಂದೂ ಇರಲಿಲ್ಲವಂತೆ. ಸೋರುವ ಸದ್ದು ಕೇಳಿದರೆ ಅವಳ ಕೈ ಅವಳನ್ನು ಕೇಳದೆಯೇ ಅತ್ತ ಹೋಗುತ್ತಿತ್ತು.

ಆ ನಡುಗಡ್ಡೆಗೆ ಕಡಲ ತಳದಲ್ಲಿ ಪೈಪು ಹಾಕಿ ಸಿಹಿನೀರು ಕೊಡುವುದೆಂದಾಯಿತು. ಕೆಲಸಕ್ಕೆ ಒಬ್ಬ ಮೇಸ್ತ್ರಿ ಬಂದ. ನೀರಿನಡಿಯ ಕೆಲಸದಲ್ಲೇ ತಲೆ ನರೆತವನು. ಮಾತು ಕಡಿಮೆ. ಹೇಳಬೇಕಾದದ್ದರಲ್ಲೂ ಅರ್ಧ ಹೇಳಿ, ಉಳಿದದ್ದು ಎದುರಿನವರಿಗೆ ಗೊತ್ತಿರುತ್ತದೆ ಎಂದುಕೊಳ್ಳುವವನು. ಅವನ ಜತೆ ದಾಮು ಎಂಬ ಮುಳುಗುಗಾರನಿದ್ದ. ಏಳೆಂಟು ದೋಣಿಗಳ ಆಳುಗಳಿದ್ದರು.

ಇಂಥ ಪೈಪನ್ನು ತಳದಲ್ಲಿ ಮಲಗಿಸುವ ಬಗೆ ಹೀಗೆ. ದಡದಲ್ಲೇ ತುಂಡುಗಳನ್ನು ಬೆಸೆದು ಉದ್ದ ಮಾಡುತ್ತಾರೆ. ಮೈಯುದ್ದಕ್ಕೂ ಕಾಂಕ್ರೀಟಿನ ಗುಂಡುಗಳನ್ನು ಕಟ್ಟುತ್ತಾರೆ. ಎರಡೂ ತುದಿ ಮುಚ್ಚುತ್ತಾರೆ. ಒಳಗೆ ಗಾಳಿ ಇರುವುದರಿಂದ ಅಷ್ಟು ಭಾರ ಹೊತ್ತೂ ಪೈಪು ತೇಲುತ್ತದೆ. ದೋಣಿಗಳು ಅದನ್ನು ಎಳೆದು ನೇರವಾಗಿ ಹಿಡಿಯುತ್ತವೆ. ಆಮೇಲೆ ಈ ತುದಿಯಿಂದ ನೀರು ಬಿಡುತ್ತಾರೆ, ಆ ತುದಿಯಿಂದ ಗಾಳಿ ಬಿಡುತ್ತಾರೆ. ಗಾಳಿ ಹೋದಷ್ಟು ನೀರು ಬರುತ್ತದೆ. ನೀರು ಬಂದಷ್ಟು ಪೈಪು ಇಳಿಯುತ್ತದೆ. ನಾಳೆ ಯಾವ ನೀರನ್ನು ಸಾಗಿಸಬೇಕೋ ಅದೇ ನೀರು ಇವತ್ತು ಅದನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಎಷ್ಟು ಚೆನ್ನಾಗಿದೆ ನೋಡಿ!

ಆದರೆ ಇದರಲ್ಲಿ ಒಂದು ಕಟ್ಟುನಿಟ್ಟು ಉಂಟು. ಗಾಳಿ ಒಮ್ಮೆಲೇ ಹೋದರೆ ಪೈಪು ಧಡಕ್ಕನೆ ಕುಸಿದು ನಡುವೆ ಮಡಿಚಿಕೊಳ್ಳುತ್ತದೆ. ಮಡಿಚಿದ ಪೈಪು ಮತ್ತೆ ಉಪಯೋಗಕ್ಕಿಲ್ಲ. ಹಾಗೆಂದು ಅರ್ಧದಲ್ಲಿ ನಿಲ್ಲಿಸುವಂತೆಯೂ ಇಲ್ಲ. ಅರ್ಧ ತಳದಲ್ಲಿ, ಅರ್ಧ ಮೇಲೆ ಇರುವಾಗ ಕಡಲ ಸೆಳೆತ ಶುರುವಾದರೆ ಯಾವ ದೋಣಿಯಿಂದಲೂ ಹಿಡಿಯಲಾಗುವುದಿಲ್ಲ. ಅದಕ್ಕೇ ಮೇಸ್ತ್ರಿ ಸೆಳೆತ ಕಡಿಮೆಯಿರುವ ನವಮಿಯ ದಿನ ಹುಡುಕಿದ್ದ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನೀರು ನಿಂತ ಹಾಗೆ ಇರುತ್ತದೆ. ಅಷ್ಟರೊಳಗೆ ಮುಗಿಯಬೇಕು. ಮಳೆಗಾಲಕ್ಕೆ ಉಳಿದದ್ದು ಎರಡೇ ವಾರ. ಆ ದಿನ ಪೈಪು ಕೆಟ್ಟರೆ ನಡುಗಡ್ಡೆಯವರು ಇನ್ನೊಂದು ವರ್ಷ ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು.

ಅಂದು ಬೆಳಗ್ಗೆ ಮೇಸ್ತ್ರಿ ನಡುಗಡ್ಡೆಯ ತುದಿಗೆ ಹೋದ. ಅಲ್ಲಿ ಗಾಳಿ ಹೋಗಲು ಹೆಬ್ಬೆರಳು ಗಾತ್ರದ ಬಾಯಿ ಇತ್ತು, ಅದರ ಹಿಂದೆ ಒಂದು ವಾಲ್ವು. ಅದನ್ನು ಎಷ್ಟು ಬೇಕೋ ಅಷ್ಟು ತೆರೆದ. ತೆರೆದು, ವಾಲ್ವಿನ ಚಕ್ರವನ್ನೇ ಬಿಚ್ಚಿ ತೆಗೆದುಕೊಂಡ. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಯಾರೋ ತಮಾಷೆಗೆ ಚಕ್ರ ತಿರುಗಿಸಿ ಕೆಲಸ ಕೆಡಿಸಿದ್ದರು. ಅಂದಿನಿಂದ ಚಕ್ರ ಬಿಚ್ಚಿಕೊಂಡು ಬರುವುದು ಅವನ ಅಭ್ಯಾಸ.

ಆಳುಗಳೆಲ್ಲ ದೋಣಿಗಳಿಗೆ ಬೇಕಿದ್ದರು. ತುದಿಯಲ್ಲಿ ಕಾವಲಿಗೆ ಯಾರು? ಊರಿಗೆ ಊರೇ ನೀರಕ್ಕನ ಕಡೆ ಬೆರಳು ಮಾಡಿತು.

"ನೀರಕ್ಕ, ಈ ತುದಿಯಿಂದಲೇ ನಿಮಗೆ ನೀರು ಬರುವುದು. ಇದನ್ನು ಯಾರೂ ಮುಟ್ಟಬಾರದು" ಎಂದ ಮೇಸ್ತ್ರಿ.

"ಮುಟ್ಟಲಿ ಕಾಣುವಾ!" ಎಂದಳು ನೀರಕ್ಕ.

ಮೇಸ್ತ್ರಿಗೆ ಸಮಾಧಾನವಾಯಿತು. ಏನು ಮಾಡಬಾರದೆಂದು ಹೇಳಿದ್ದ. ಏನು ಕೇಳಿಸುತ್ತದೆಂದು ಹೇಳಲಿಲ್ಲ.

ಏಳು ಗಂಟೆಗೆ ದಡದಲ್ಲಿ ನೀರು ಬಿಟ್ಟರು. ಪೈಪು ಒಂದೊಂದೇ ಮಾರು ಇಳಿಯಿತು. ದೋಣಿಯವರು ಹಗ್ಗ ಸಡಿಲಿಸುತ್ತ ಹೋದರು. ಒಬ್ಬ ಹಾಡಿದ, ಇನ್ನೊಬ್ಬ ಅವನ ಹಾಡಿಗೆ ಬೈದ. ಎಂಟೂವರೆಗೆ ಅರ್ಧ ಪೈಪು ತಳದಲ್ಲಿತ್ತು. ಆಮೇಲೆ ಅದು ನಿಧಾನವಾಯಿತು. ಒಂಬತ್ತಕ್ಕೆ ನಿಂತಿತು. ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ. ಒಂಬತ್ತೂಕಾಲಿಗೂ ಅಲ್ಲೇ ಇತ್ತು. ಹಾಡುವವನು ಸುಮ್ಮನಾದ.

ದಾಮು ನೀರಿಗಿಳಿದ. ಅವನ ಉಸಿರಿನ ಗುಳ್ಳೆಗಳು ಪೈಪಿನ ಗುಂಟ ಹೋಗುವುದನ್ನು ಮೇಸ್ತ್ರಿ ದೋಣಿಯಿಂದ ನೋಡುತ್ತಿದ್ದ. ನೀರಿನಡಿಯ ಕೆಲಸದಲ್ಲಿ ಮೇಲಿರುವವನ ಪಾಲಿಗೆ ಬರುವುದು ಗುಳ್ಳೆ ಮಾತ್ರ. ಮುಕ್ಕಾಲು ಗಂಟೆಯಾಯಿತು. ದಾಮು ಮೇಲೆ ಬಂದು ದೋಣಿಯ ಅಂಚು ಹಿಡಿದ.

"ಎಲ್ಲ ಸರಿ ಉಂಟು ಮೇಸ್ತ್ರಿ. ಬಿರುಕಿಲ್ಲ, ತಿರುಚಿಲ್ಲ, ಗುಂಡು ಒಂದೂ ಕಳಚಿಲ್ಲ. ಪೈಪಿಗೆ ಕಿವಿಕೊಟ್ಟು ಕೇಳಿದೆ. ನೀರು ಹರಿಯುವ ಸದ್ದೇ ಇಲ್ಲ. ಒಳ್ಳೆ ಹಟಮಾರಿ ಉಸಿರು ಕಟ್ಟಿ ಕೂತ ಹಾಗೆ ಕೂತಿದೆ."

ಉಸಿರು ಎಂಬ ಮಾತು ಕೇಳಿದ್ದೇ ಮೇಸ್ತ್ರಿ ನಡುಗಡ್ಡೆಯ ಕಡೆ ನೋಡಿದ. ಸಣ್ಣ ದೋಣಿಗೆ ಹಾರಿದ. ದಾಮುವನ್ನೂ ಹತ್ತಿಸಿಕೊಂಡು ಅರ್ಧ ದಾರಿಯಲ್ಲಿ ಇನ್ನೊಂದು ದೋಣಿಯಲ್ಲಿ ಬಿಟ್ಟ. "ಪೈಪು ಸರಿಯಾಗಿ ಇಳಿದರೆ ಬಿಳಿ ಬಟ್ಟೆ ಬೀಸು. ತೀರಾ ಬೇಗ ಇಳಿದರೆ ಕೆಂಪು" ಎಂದ. ಮೇಸ್ತ್ರಿ ನಡುಗಡ್ಡೆ ಮುಟ್ಟಿದಾಗ ಹತ್ತೂಕಾಲು. ಸೆಳೆತ ತಿರುಗಲು ಮುಕ್ಕಾಲು ಗಂಟೆ ಇತ್ತು.

ಪೈಪಿನ ತುದಿಯಲ್ಲಿ ಊರೆಲ್ಲ ನೆರೆದಿತ್ತು. ನಡುವೆ ನೀರಕ್ಕ ಕೂತಿದ್ದಳು. ಗಾಳಿಯ ಬಾಯಿಗೆ ಸೆರಗಿನ ತುಂಡು ತುರುಕಿ, ಅದರ ಮೇಲೆ ಬಲಗೈಯ ಅಂಗೈ ಒತ್ತಿ, ಬಲಗೈಯ ಮೇಲೆ ಎಡಗೈ ಒತ್ತಿ ಕೂತಿದ್ದಳು. ಒಬ್ಬಳು ಅವಳ ತಲೆಗೆ ಕೊಡೆ ಹಿಡಿದಿದ್ದಳು. ಇನ್ನೊಬ್ಬಳು ಬಾಯಿಗೆ ಎಲೆಯಡಿಕೆ ಇಡುತ್ತಿದ್ದಳು. ಮೇಸ್ತ್ರಿಯನ್ನು ಕಂಡು ನೀರಕ್ಕನ ಮುಖ ಅರಳಿತು.

"ಬಂದಿರಾ! ನೀವು ಆಚೆ ಹೋಗಿ ಸ್ವಲ್ಪ ಹೊತ್ತಿಗೇ ನಿಮ್ಮ ಪೈಪು ಬುಸ್ ಅಂತ ಸೋರಲು ಹತ್ತಿತು. ಇಷ್ಟು ದೊಡ್ಡ ಕೆಲಸ ಮಾಡುವವರಿಗೆ ಒಂದು ಬಿರಡೆ ಹಾಕಲಿಕ್ಕೆ ಆಗಲಿಲ್ಲವಾ ಮಾರಾಯರೇ? ಒಂದೂವರೆ ಗಂಟೆ ಮುಟ್ಟದೆ ಕೂತೆ, ಯಾರೂ ಮುಟ್ಟಬಾರದು ಅಂದಿದ್ದಿರಿ. ಆಮೇಲೆ ಮನಸ್ಸು ಕೇಳಲಿಲ್ಲ. ಕೈ ಮರಗಟ್ಟಿದೆ. ಆದರೆ ಒಂದು ಚೂರೂ ಹೊರಗೆ ಬಿಟ್ಟಿಲ್ಲ ಕಾಣಿ!"

ಮೇಸ್ತ್ರಿಯ ಬಾಯಿಗೆ ಕೆಟ್ಟ ಮಾತು ಬಂತು. ಅವಳ ಮುಖ ನೋಡಿ ಅದನ್ನು ನುಂಗಿದ. ಬೆಳಗ್ಗೆ ಇನ್ನೆರಡು ಮಾತು ಹೆಚ್ಚು ಆಡಿದ್ದರೆ ಏನು ಖರ್ಚಾಗುತ್ತಿತ್ತು ಎಂದು ಮೊದಲ ಸಲ ಅವನಿಗೆ ಅನ್ನಿಸಿತು. ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ನೀರಕ್ಕ, ಒಳಗೆ ಇರುವುದು ಗಾಳಿ. ಅದು ಹೊರಗೆ ಹೋಗಬೇಕಾದದ್ದು. ಅದು ಹೋದರೆ ಆ ಜಾಗಕ್ಕೆ ನೀರು ಬರುತ್ತದೆ. ನೀವು ಅದನ್ನು ಹಿಡಿದಿದ್ದೀರಿ. ನೀರು ಅಲ್ಲಿ ಕಡಲಿನ ನಡುವೆ ನಿಂತು ಕಾಯುತ್ತಿದೆ."

ನೀರಕ್ಕನ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು. "ಅಂದರೆ... ನಾನೇ?"

ಅವಳು ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಳ್ಳಲು ಹೋದಳು.

"ಬೇಡ! ತೆಗೆಯಬೇಡಿ!" ಎಂದು ಮೇಸ್ತ್ರಿ ಕೂಗಿದ.

"ಈಗ ತಾನೇ ಬಿಡಬೇಕು ಅಂದಿರಿ, ಈಗ ಬಿಡಬೇಡ ಅನ್ನುತ್ತೀರಿ. ನಿಮ್ಮಲ್ಲಿ ಸರಿಯಾಗಿ ಹೇಳುವವರು ಬೇರೆ ಯಾರಾದರೂ ಇದ್ದಾರಾ?"

ಊರು ನಕ್ಕಿತು. ಮೇಸ್ತ್ರಿಗೆ ನಗಲು ಪುರುಸೊತ್ತಿರಲಿಲ್ಲ. ಬೆಳಗ್ಗೆ ವಾಲ್ವು ತೆರೆದಿಟ್ಟದ್ದು ಸಡಿಲ ಗಾಳಿಗೆ. ಈಗ ಒಳಗೆ ಇದ್ದದ್ದು ಒತ್ತಿ ಹಿಡಿದ ಗಾಳಿ. ಕೈ ತೆಗೆದರೆ ಒಮ್ಮೆಲೇ ನುಗ್ಗುತ್ತದೆ, ಪೈಪು ಮಡಿಚುತ್ತದೆ. ವಾಲ್ವನ್ನು ಕಿರಿದು ಮಾಡಬೇಕು. ಮೇಸ್ತ್ರಿ ಜೇಬು ತಡವಿದ. ಚಕ್ರ ಇರಲಿಲ್ಲ. ಅದು ಆ ದಡದ ದೊಡ್ಡ ದೋಣಿಯಲ್ಲಿ, ಹತ್ಯಾರದ ಪೆಟ್ಟಿಗೆಯಲ್ಲಿ, ಬಹಳ ಭದ್ರವಾಗಿತ್ತು. ಹೋಗಿ ತರುವಷ್ಟರಲ್ಲಿ ಹನ್ನೊಂದು ದಾಟುತ್ತದೆ.

ತಾನೇ ಕೈ ಇಡೋಣವೆಂದರೆ, ಕೈ ಬದಲಾಯಿಸುವ ಆ ಒಂದು ಕ್ಷಣ ಸಾಕು ಕೆಡಲು. ನೀರಕ್ಕನ ಕೈ ನೋಡಿದ. ಮರಗಟ್ಟಿತ್ತು, ಬಿಳಿಚಿಕೊಂಡಿತ್ತು. ಆದರೂ ಅಲುಗುತ್ತಿರಲಿಲ್ಲ.

"ನೀರಕ್ಕ, ನೀವೇ ಬಿಡಬೇಕು. ಸ್ವಲ್ಪ ಸ್ವಲ್ಪವೇ."

"ನನಗೆ ಮುಚ್ಚಲಿಕ್ಕೆ ಬರುತ್ತದೆ. ಬಿಡಲಿಕ್ಕೆ ಬರುವುದಿಲ್ಲ."

"ಬಾಣಂತಿ ಮನೆಗೆ ಆ ಹೆಚ್ಚಿನ ಅರ್ಧ ಕೊಡ ಸುರಿಯುತ್ತೀರಲ್ಲ, ಹೇಗೆ ಸುರಿಯುತ್ತೀರಿ?"

ನೀರಕ್ಕ ಯೋಚಿಸಿದಳು. "ಸಣ್ಣ ದಾರದ ಹಾಗೆ. ಅರ್ಧಕ್ಕೆ ಬಂತೋ ಇಲ್ಲವೋ ಸದ್ದು ಕೇಳಿ ತಿಳಿಯಬೇಕಲ್ಲ. ದಪ್ಪ ಸುರಿದರೆ ಸದ್ದು ತಿಳಿಯುವುದಿಲ್ಲ."

"ಹಾಗೆಯೇ. ದಾರದ ಹಾಗೆ."

ಅವಳು ಎಡಗೈ ತೆಗೆದಳು. ಬಲಗೈಯ ಕಿರುಬೆರಳಿನ ಕಡೆಯಿಂದ ಒತ್ತು ಸಡಿಲಿಸಿದಳು. ಬಟ್ಟೆಯ ಅಂಚಿನಿಂದ ಸೀಟಿಯಂಥ ಸದ್ದು ಹೊರಟಿತು. ಮೂವತ್ತೊಂದು ವರ್ಷ ಅಂಥ ಸದ್ದನ್ನು ಮುಚ್ಚಿ ಬೆಳೆದ ಕೈ ಅದು. ಮುಚ್ಚು ಮುಚ್ಚು ಎನ್ನುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಕೈಯನ್ನು ಮುಚ್ಚಲಿಲ್ಲ.

ಮೇಸ್ತ್ರಿ ಕಡಲ ಕಡೆ ನೋಡಿದ. ದಾಮುವಿನ ದೋಣಿಯಲ್ಲಿ ಬಿಳಿ ಬಟ್ಟೆ ಎದ್ದಿತು.

"ಇಳಿಯುತ್ತಿದೆ! ಹಾಗೇ ಇರಲಿ."

ಒಮ್ಮೆ ಕೆಂಪು ಬಟ್ಟೆ ಎದ್ದಿತು. "ಸ್ವಲ್ಪ ಹಿಡಿಯಿರಿ" ಎಂದ. ಅವಳು ಹಿಡಿದಳು. ಮತ್ತೆ ಬಿಳಿ. "ಬಿಡಿ" ಎಂದ. ಬಿಟ್ಟಳು. ನಾಲ್ಕನೇ ಸಲಕ್ಕೆ ಮೇಸ್ತ್ರಿ ಹೇಳುವ ಅಗತ್ಯ ಬರಲಿಲ್ಲ. ಸದ್ದು ದಪ್ಪವಾದರೆ ಅವಳ ಅಂಗೈ ತಾನೇ ಒತ್ತುತ್ತಿತ್ತು, ತೆಳುವಾದರೆ ತಾನೇ ಸಡಿಲುತ್ತಿತ್ತು. ಊರಿನ ಎಂಬತ್ತು ಮನೆಯವರೂ ಬಾಯಿ ಬಿಗಿದು ಆ ಒಂದು ಸದ್ದನ್ನು ಕೇಳುತ್ತ ನಿಂತರು. ಕೊಡೆ ಹಿಡಿದವಳ ಕೈ ಸೋತು ಕೊಡೆ ಕೆಳಗೆ ಬಂತು. ಯಾರೂ ಎತ್ತಲಿಲ್ಲ.

ಪೈಪಿನ ತೇಲುವ ಭಾಗ ಗಿಡ್ಡವಾಗುತ್ತ ನಡುಗಡ್ಡೆಯ ಕಡೆ ಬಂತು. ಹನ್ನೊಂದಕ್ಕೆ ಏಳೆಂಟು ನಿಮಿಷ ಇರುವಾಗ ಕೊನೆಯ ಗುಂಡು ನೀರಿನೊಳಗೆ ಹೋಯಿತು. ದೋಣಿಗಳ ಹಗ್ಗಗಳು ಒಟ್ಟಿಗೆ ಸಡಿಲಾದವು. ಸ್ವಲ್ಪ ಹೊತ್ತಿಗೆ ಸೆಳೆತ ತಿರುಗಿತು. ಅದು ಎಳೆಯಲು ಮೇಲೆ ಏನೂ ಉಳಿದಿರಲಿಲ್ಲ.

ನೀರಕ್ಕನ ಅಂಗೈಯ ಕೆಳಗೆ ಸದ್ದು ಬದಲಾಯಿತು. ಸೀಟಿ ಹೋಗಿ ಗುಳುಗುಳು ಎಂದಿತು. ಬಟ್ಟೆ ಒದ್ದೆಯಾಯಿತು. ಬೆರಳ ಸಂದಿಯಿಂದ ಹನಿ ಇಳಿಯಿತು. ಅವಳು ಮೇಸ್ತ್ರಿಯ ಮುಖ ನೋಡಿದಳು.

"ಈಗಲಾದರೂ ಮುಚ್ಚಲಾ?"

"ಈಗಂತೂ ಮುಚ್ಚಲೇಬಾರದು. ಪೈಪಿನೊಳಗೆ ಮಣ್ಣು, ಕಸ, ಬೆಸುಗೆಯ ವಾಸನೆ ಎಲ್ಲ ಇರುತ್ತದೆ. ಮೊದಲ ನೀರು ಹರಿದು ಹೋಗಬೇಕು. ಒಂದು ಗಂಟೆ."

"ಒಂದು ಗಂಟೆ! ಸುಮ್ಮನೆ?"

"ಸುಮ್ಮನೆ."

ಆಳುಗಳು ಬಂದು ತುದಿಯ ಮುಚ್ಚಳ ಬಿಚ್ಚಿದರು. ಕಂದು ಬಣ್ಣದ ನೀರು ತೋಳಿನ ಗಾತ್ರ ಬಂದು ಮರಳಿನ ಮೇಲೆ ಬಿತ್ತು. ಊರಿನವರು ಹಿಂದೆ ಸರಿದರು. ಅಷ್ಟು ಸಿಹಿನೀರು ನೆಲದ ಮೇಲೆ ಹರಿಯುವುದನ್ನು ಅವರು ಕಂಡಿರಲಿಲ್ಲ. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಒಬ್ಬಳು ರೂಢಿಯಂತೆ ಕೊಡ ಹಿಡಿದು ಮುಂದೆ ಬಂದಳು. ನೀರಕ್ಕ ತಡೆದಳು. ನೀರಕ್ಕ ನೀರು ಬೇಡವೆಂದು ತಡೆದದ್ದು ಅದೇ ಮೊದಲು.

ಆಮೇಲೆ ಅವಳು ಸೀರೆಯನ್ನು ಕಣಕಾಲಿನವರೆಗೆ ಎತ್ತಿ ಹಿಡಿದು, ಹರಿಯುವ ನೀರಿನ ನಡುವೆ ಹೋಗಿ ನಿಂತಳು. ಮರಗಟ್ಟಿದ ಬಲಗೈಯನ್ನು ಅದರಲ್ಲಿ ಅದ್ದಿದಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಎಷ್ಟು ತಣ್ಣಗಿದೆ ಮೇಸ್ತ್ರಿಯವರೇ" ಎಂದಳು. "ಮೂವತ್ತೊಂದು ವರ್ಷ ಇದನ್ನು ಹಂಚಿದ್ದೇನೆ. ಇದು ಹೀಗೆ ತಣ್ಣಗಿರುತ್ತದೆ ಅಂತ ಕಾಲಿಗೆ ಗೊತ್ತೇ ಇರಲಿಲ್ಲ."

*

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಎರಡೂ ಮುಷ್ಟಿ ಮಡಿಲಲ್ಲಿ ಬಿಗಿಯಾಗಿದ್ದವು. ಎಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ ಎಂಬಂತೆ ಕೇಳಿದ:

"ಹಾಗಾದರೆ ಆಕೆ ಅಷ್ಟು ವರ್ಷ ಹಿಡಿದದ್ದೆಲ್ಲ ವ್ಯರ್ಥವೇ?"

"ಯಾರು ಹೇಳಿದರು? ಹಿಡಿದು ಗೊತ್ತಿದ್ದ ಕೈಯಾದ್ದರಿಂದಲೇ ಮೆಲ್ಲಗೆ ಬಿಟ್ಟಿತು. ನನ್ನ ಕೈಯೋ ನಿನ್ನ ಕೈಯೋ ಆಗಿದ್ದರೆ ಪೈಪು ಎರಡು ತುಂಡಾಗುತ್ತಿತ್ತು."

ಶಿಷ್ಯನಿಗೆ ಅಳು ಬಂತು. ಅದನ್ನು ಅವನು ಅಭ್ಯಾಸದಂತೆ ತಡೆದುಕೊಂಡ. ತಡೆದುಕೊಂಡದ್ದು ಗುರುಗಳಿಗೆ ಕಾಣಬಾರದೆಂದು ಇನ್ನೊಂದು ಪ್ರಶ್ನೆ ಮುಂದಿಟ್ಟ:

"ಇದು ನಿಜವಾಗಿ ನಡೆದದ್ದೋ, ನನಗೋಸ್ಕರ ಕಟ್ಟಿದ್ದೋ? ನಡೆದದ್ದಾದರೆ ಯಾವತ್ತು ನಡೆಯಿತು?"

ಗುರುಗಳು ಅದಕ್ಕೆ ಕೊಟ್ಟದ್ದು ಒಂದೇ ಸಾಲಿನ ಉತ್ತರ. ಅದನ್ನು ಕೇಳಿ ಶಿಷ್ಯನ ಕೆನ್ನೆ ಒದ್ದೆಯಾದದ್ದನ್ನು ಗುರುಗಳೂ ನೋಡದವರಂತೆ ಬೇರೆ ಕಡೆ ತಿರುಗಿದರು.

"ನೀನು ಬಿಡುವ ದಿನ ಯಾವುದೋ ನನಗೆ ಗೊತ್ತಿಲ್ಲ ಮಗು, ಅವಳು ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ ಮೇ ತಿಂಗಳ ಇಪ್ಪತ್ತನೇ ತಾರೀಖು, ಬುಧವಾರ."